ಮಾಸ್ಟ್‌ಗೆ ನೀರು ನುಗ್ಗದಿರಲು, ಮಗುಚಿದಾಗ ಜೀವ ಉಳಿಸಿಕೊಳ್ಳಲು: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಮುಖ್ಯವಾಗಿ ಡಿಂಗಿ ಓಡಿಸುವವರಿಗೆ, ಅಂದರೆ ಒಬ್ಬರೋ ಇಬ್ಬರೋ ಕೂತು ಓಡಿಸುವ ಸಣ್ಣ ಹಾಯಿದೋಣಿಗಳವರಿಗೆ. ಕ್ಯಾಟಮರಾನ್ (ಎರಡು ಒಡಲಿನ ದೋಣಿ) ಮತ್ತು ಕೀಲ್ (ತಳದ ಕೆಳಗೆ ಇರುವ ಭಾರದ ರೆಕ್ಕೆ) ಇರುವ ದೊಡ್ಡ ದೋಣಿಗಳ ವಿಷಯ ಕೊನೆಯ ಕಡೆ ಇದೆ. ಮೊದಲೇ ಎರಡು ಮಾತು ಸ್ಪಷ್ಟ ಮಾಡಿಕೊಳ್ಳೋಣ. ದೋಣಿ ಪಕ್ಕಕ್ಕೆ ಉರುಳಿ, ಮಾಸ್ಟ್ (ಹಾಯಿ ಕಟ್ಟುವ ಕಂಬ) ಮತ್ತು ಹಾಯಿ ನೀರಿನ ಮೇಲೆ ಮಲಗಿದ್ದರೆ ಅದು ಮಗ್ಗುಲಾಗಿದೆ. ತಳ ಮೇಲಾಗಿ, ಮಾಸ್ಟ್ ನೆಟ್ಟಗೆ ಕೆಳಗೆ ಇಳಿದಿದ್ದರೆ ಅದು ಬೋರಲಾಗಿದೆ. ಮಗ್ಗುಲಾದ ದೋಣಿಯನ್ನು ಎತ್ತೋದು ದಿನನಿತ್ಯದ ಕೆಲಸ. ಬೋರಲಾದ ದೋಣಿ ಅಪಾಯ. ಒಂದರಿಂದ ಇನ್ನೊಂದಕ್ಕೆ ಹೋಗುವ ಮಧ್ಯೆ ನಿಮಗೆ ಎಷ್ಟು ಸಮಯ ಸಿಗುತ್ತದೆ ಅನ್ನೋದನ್ನ ಬಹಳ ಮಟ್ಟಿಗೆ ತೀರ್ಮಾನಿಸುವುದು ಮಾಸ್ಟ್.

ಮಾಸ್ಟ್ ಒಳಗೆ ಸ್ವಲ್ಪ ನೀರು ಹೋದರೆ ಅದೇನು ದೊಡ್ಡ ವಿಷಯವಾ?

ಹೌದು, ದೊಡ್ಡದೇ. ಲೆಕ್ಕ ಹಾಕಿ ನೋಡೋಣ. 6 ಮೀಟರ್ ಉದ್ದ, 60 ಮಿಲಿಮೀಟರ್ ಹೊರವ್ಯಾಸ, 2 ಮಿಲಿಮೀಟರ್ ದಪ್ಪದ ಗೋಡೆ ಇರುವ ಅಲ್ಯೂಮಿನಿಯಂ ಕೊಳವೆ ಅಂದುಕೊಳ್ಳಿ. ಬರೀ ಕೊಳವೆಯ ತೂಕ ಸುಮಾರು 6 ಕೆಜಿ. ಪೂರ್ತಿ ಮುಳುಗಿದರೆ ಅದು 17 ಲೀಟರ್ ನೀರಿನ ಜಾಗ ಹಿಡಿಯುತ್ತದೆ. ಒಳಗೆ ಗಾಳಿ ಮಾತ್ರ ಇದ್ದರೆ ಸುಮಾರು 11 ಕೆಜಿಯಷ್ಟು ಬಲ ಅದನ್ನು ಮೇಲಕ್ಕೆ ಒತ್ತುತ್ತದೆ. ಬಾಯಿ ಬಿಗಿದ ಖಾಲಿ ಬಿಂದಿಗೆಯನ್ನು ನೀರಿಗೆ ಒತ್ತಿದಾಗ ಅದು ಕೈಯನ್ನು ವಾಪಸ್ ತಳ್ಳುತ್ತದಲ್ಲ, ಅದೇ ಬಲ. ದೋಣಿ ಮಗ್ಗುಲಾದಾಗ ಮಾಸ್ಟ್ ಕೆಳಗೆ ಇಳಿಯದಂತೆ ತಡೆಯುವುದು ಇದೇ.

ಅದೇ ಕೊಳವೆಯಲ್ಲಿ ನೀರು ತುಂಬಿಕೊಂಡರೆ? ಹತ್ತಿರ ಹತ್ತಿರ 15 ಲೀಟರ್ ಹಿಡಿಯುತ್ತದೆ. ತೇಲಿಸುವ ಬಲ ಹೋಯ್ತು. ಅಲ್ಯೂಮಿನಿಯಂ ತನ್ನ ತೂಕಕ್ಕೆ ತಾನೇ ಮುಳುಗಲು ಶುರು ಮಾಡುತ್ತದೆ, ಜೊತೆಗೆ ದೋಣಿಯನ್ನೂ ಎಳೆಯುತ್ತದೆ.

ಎತ್ತುವಾಗಿನ ಕಷ್ಟ ಬೇರೆ. ನೀರು ತುಂಬಿದ ಮಾಸ್ಟ್ ಹೊರಗೆ ಬಂದಾಗ ಅದರ ತೂಕ 6 ಕೆಜಿ ಅಲ್ಲ, ಸುಮಾರು 21 ಕೆಜಿ. ಆ ತೂಕದ ನಡುಬಿಂದು ದೋಣಿಯಿಂದ 3 ಮೀಟರ್ ಆಚೆ ಇರುತ್ತದೆ. 70 ಕೆಜಿಯ ಒಬ್ಬರು ಸೆಂಟರ್‌ಬೋರ್ಡ್ (ತಳದ ನಡುವಿನಿಂದ ನೀರಿಗೆ ಇಳಿಯುವ ಹಲಗೆ) ಹಿಡಿದು 1 ಮೀಟರ್ ಹೊರಗೆ ವಾಲಿದರೆ ಸಿಗುವುದು 70 ಕೆಜಿ-ಮೀಟರ್ ತಿರುಗುಬಲ. ಅದರಲ್ಲಿ 62ನ್ನು ಆ ಮಾಸ್ಟ್ ಒಂದೇ ನುಂಗಿಬಿಡುತ್ತದೆ. ಒಣ ಮಾಸ್ಟ್ ಆದರೆ 18 ಸಾಕು. ಹಾಯಿಯ ಮೇಲೆ ನಿಂತ ನೀರಿನ ಭಾರವನ್ನು ಇಲ್ಲಿ ಸೇರಿಸಿಲ್ಲ. ಸಲೀಸಾಗಿ ಏಳುತ್ತಿದ್ದ ದೋಣಿ ಒಂದು ದಿನ ಜಪ್ಪಯ್ಯ ಅಂದರೂ ಏಳದಿದ್ದರೆ, ನಿಮ್ಮ ಶಕ್ತಿಯ ಮೇಲೆ ಅನುಮಾನ ಪಡುವ ಮೊದಲು ಮಾಸ್ಟ್ ಮೇಲೆ ಪಡಿ.

ನೀರು ಒಳಗೆ ಬರೋದು ಎಲ್ಲಿಂದ?

ತುದಿಯ ಮುಚ್ಚಳದಿಂದ ಅಂತ ಎಲ್ಲರೂ ಮೊದಲು ಅಲ್ಲೇ ನೋಡುತ್ತಾರೆ. ನೋಡಬೇಕು ಕೂಡ. ಆದರೆ ಜಾಸ್ತಿ ಸಲ ಸೋರುವುದು ರಿವೆಟ್‌ಗಳು. ಮಾಮೂಲಿ ಪಾಪ್ ರಿವೆಟ್ ಒಂದನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ ಒಂದು ಸಣ್ಣ ರಂಧ್ರ ಇರುತ್ತದೆ. ರಿವೆಟ್ ಹೊಡೆಯುವಾಗ ಎಳೆದು ಮುರಿಯುವ ಕಡ್ಡಿಯ ತುಂಡು ಅಲ್ಲಿ ಕೂತಿರುತ್ತದೆ. ಕಾಲಕ್ರಮೇಣ ಅದು ಸಡಿಲವಾಗಿ ಉದುರುತ್ತದೆ. ಆಮೇಲೆ ಅದು ಮಾಸ್ಟ್‌ನ ಒಳಕ್ಕೆ ನೇರ ದಾರಿ. ಸ್ಪ್ರೆಡರ್ (ತಂತಿಗಳನ್ನು ಮಾಸ್ಟ್‌ನಿಂದ ದೂರ ಹಿಡಿಯುವ ಅಡ್ಡಕಡ್ಡಿ) ಬ್ರಾಕೆಟ್, ಗೂಸ್‌ನೆಕ್ (ಬೂಮ್, ಅಂದರೆ ಹಾಯಿಯ ಅಡಿಯ ಅಡ್ಡಕಂಬ, ಮಾಸ್ಟ್‌ಗೆ ಸೇರುವ ಜಾಗ), ಕಿಕ್ಕರ್ (ಬೂಮ್ ಮೇಲೇಳದಂತೆ ಕೆಳಗೆ ಎಳೆಯುವ ಹಗ್ಗ) ಕೊಂಡಿ, ಶ್ರೌಡ್ (ಮಾಸ್ಟನ್ನು ಬದಿಯಿಂದ ಹಿಡಿದು ನಿಲ್ಲಿಸುವ) ತಂತಿ ಹಿಡಿಯುವ ತಗಡು ಎಲ್ಲದರ ಕೆಳಗೂ ಇಂಥ ರಿವೆಟ್‌ಗಳಿವೆ. ಒಬ್ಬರೇ ಓಡಿಸುವ ಐಎಲ್‌ಸಿಎ ಡಿಂಗಿಯ ಹಾಗೆ ಎರಡು ತುಂಡಿನ ಮಾಸ್ಟ್ ಆದರೆ, ಮೇಲಿನ ತುಂಡಿನ ಕಾಲರ್ ಹಿಡಿದಿರುವ ರಿವೆಟ್ ಮತ್ತು ಎರಡೂ ತುಂಡುಗಳ ತುದಿ ಬಿರಡೆಗಳನ್ನು ತಪ್ಪದೆ ನೋಡಿ.

ತೂತು ಸೂಜಿಮೊನೆಯಷ್ಟಿದ್ದರೂ ಯಾಕೆ ಇಷ್ಟು ನೀರು ಬರುತ್ತೆ ಅಂತ ಕೇಳುತ್ತಾರೆ. ಎರಡು ಕಾರಣ. ಒಂದು, ಆಳ. 10 ಮೀಟರ್ ನೀರು ಅಂದರೆ ಒಂದು ವಾತಾವರಣದಷ್ಟು ಒತ್ತಡ. ಬೋರಲಾದ ದೋಣಿಯ 6 ಮೀಟರ್ ಮಾಸ್ಟ್ ತುದಿಯಲ್ಲಿ ಅದರ 0.6 ಪಾಲು ಇರುತ್ತದೆ. ಮಗ್ಗುಲಾದಾಗ ತೊಟ್ಟಿಕ್ಕುವ ತೂತು ಅಲ್ಲಿ ಚಿಮ್ಮುತ್ತದೆ.

ಇನ್ನೊಂದು, ಬಿಸಿಲು. ದಡದಲ್ಲಿ ಬಿಸಿಲಿಗೆ ಕಾದ ಮಾಸ್ಟ್ ಒಳಗಿನ ಗಾಳಿ 55 ಡಿಗ್ರಿ ಇದ್ದು, ನೀರಿಗೆ ಬಿದ್ದ ಮೇಲೆ 25 ಡಿಗ್ರಿಗೆ ಇಳಿದರೆ, ಒಳಗಿನ ಒತ್ತಡ ಸುಮಾರು 9% ಕುಸಿಯುತ್ತದೆ. ಆಗ ಮಾಸ್ಟ್ ತಾನಾಗಿಯೇ ನೀರನ್ನು ಒಳಗೆ ಹೀರಿಕೊಳ್ಳುತ್ತದೆ.

ನನ್ನ ಮಾಸ್ಟ್ ಸೋರುತ್ತಿದೆಯಾ ಅಂತ ಹೇಗೆ ತಿಳಿಯೋದು?

ಎಲ್ಲಕ್ಕಿಂತ ಸುಲಭ, ಕಿವಿ. ನೀರಿನಿಂದ ಬಂದ ಮೇಲೆ ಮಾಸ್ಟ್ ಕಳಚಿ ಅಡ್ಡ ಹಿಡಿಯಿರಿ. ಒಬ್ಬರು ಬುಡವನ್ನು ನಿಧಾನವಾಗಿ ಎತ್ತಲಿ, ಇನ್ನೊಬ್ಬರು ನಡುವೆ ಕಿವಿ ಹಚ್ಚಲಿ. ಒಳಗೆ ನೀರಿದ್ದರೆ ಅದು ತುದಿಯ ಕಡೆ ಹರಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಒಂದು ಲೋಟದಷ್ಟಿದ್ದರೂ ಗೊತ್ತಾಗುತ್ತದೆ. ಸದ್ದು ಕೇಳದಿದ್ದರೂ ಸಂಶಯ ಇದೆಯಾ? ಕೊಕ್ಕೆ ತಕ್ಕಡಿಯಲ್ಲಿ ಒಣ ಮಾಸ್ಟ್ ತೂಗಿ ಬರೆದಿಡಿ. ಮಗುಚಿದ ದಿನ ಮತ್ತೆ ತೂಗಿ.

ತೂತು ಎಲ್ಲಿದೆ ಅಂತ ಹುಡುಕಲು ಸೋಪು ನೀರು ಬೇಕು. ಬೆಳಿಗ್ಗೆ ತಂಪಿರುವಾಗ ಎಲ್ಲ ಬಿರಡೆ ಹಾಕಿ ಮುಚ್ಚಿ, ಬಿಸಿಲಿಗಿಡಿ. ಒಳಗಿನ ಗಾಳಿ ಹಿಗ್ಗುತ್ತದೆ. ಪ್ರತಿ ರಿವೆಟ್, ಪ್ರತಿ ಜೋಡಣೆಯ ಮೇಲೂ ಬ್ರಷ್‌ನಿಂದ ಸೋಪು ನೀರು ಹಚ್ಚಿ, ಸುಮ್ನೆ ಕೂತು ನೋಡಿ. ಸೋರುವ ಕಡೆ ಗುಳ್ಳೆ ಏಳುತ್ತದೆ. ಅಲ್ಲೇ ಪೆನ್ನಿನಿಂದ ಗುರುತು ಹಾಕಿ. ಗಾಳಿ ತುಂಬಿ ಪರೀಕ್ಷೆ ಮಾಡುವುದಾದರೆ ಕಾಲಿನಿಂದ ಒತ್ತುವ ಸಣ್ಣ ಪಂಪ್ ಸಾಕು, ಅದೂ ಮೆತ್ತಗೆ. ಕಂಪ್ರೆಸರ್ ಹಚ್ಚಬೇಡಿ. ಬಿರಡೆ ಗುಂಡಿನ ಹಾಗೆ ಹಾರಿ ಯಾರ ಮುಖಕ್ಕಾದರೂ ಬಡಿಯಬಹುದು.

ಕೊಳವೆಯ ಬೆನ್ನಿಗೆ ಹಾಯಿ ತೂರಿಸುವ ಉದ್ದನೆಯ ತೋಡು ಇರುತ್ತದಲ್ಲ, ಅದರೊಳಗೆ ನೀರು ನಿಂತಿದ್ದರೆ ಗಾಬರಿ ಬೇಡ. ಅದು ಬೇರೆ ಕೋಣೆ. ಆದರೆ ಆ ತೋಡಿನ ಒಳಗೇ ಹೊಡೆದ ರಿವೆಟ್ ಇದ್ದರೆ ಅದನ್ನೂ ಪರೀಕ್ಷೆ ಮಾಡಿ. ಬಹಳ ಜನ ಬಿಟ್ಟುಬಿಡುವ ಜಾಗ ಅದು.

ಯಾವ ಸೀಲಂಟ್ (ಸಂದು ಮುಚ್ಚುವ ಅಂಟು) ಹಾಕಲಿ?

ಮುಂದೆ ಬಿಚ್ಚಬೇಕಾದ ಜಾಗಕ್ಕೆ ನ್ಯೂಟ್ರಲ್ ಕ್ಯೂರ್ ಸಿಲಿಕೋನ್. ಬಿಚ್ಚುವ ಯೋಚನೆಯೇ ಇಲ್ಲದ ಜಾಗಕ್ಕೆ ದೋಣಿಗಳಿಗೆಂದೇ ಬರುವ ಪಾಲಿಯುರೆಥೇನ್ ಸೀಲಂಟ್. ವಿನೆಗರ್ ವಾಸನೆ ಬರುವ ಸಿಲಿಕೋನ್ ಮಾತ್ರ ಬೇಡ. ಅದು ಒಣಗುವಾಗ ಬಿಡುವ ಆಮ್ಲ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

ಸೀಲಂಟ್‌ಗಿಂತ ಅದನ್ನು ಹಚ್ಚುವ ರೀತಿ ಮುಖ್ಯ. ಸೋರುವ ರಿವೆಟ್ ಮೇಲೆ ಒಂದು ಉಂಡೆ ಮೆತ್ತಿ ಬಿಟ್ಟರೆ ಅದು ಒಂದು ಸೀಸನ್ ಕೂಡ ಬಾಳೋದಿಲ್ಲ. ಹಳೇ ರಿವೆಟ್ ಕೊರೆದು ತೆಗೆಯಿರಿ. ಹಳೇ ಸೀಲಂಟ್ ಕೆರೆದು, ಅಸಿಟೋನ್‌ನಿಂದ ಒರೆಸಿ. ತಲೆ ಮುಚ್ಚಿದ ಸೀಲ್ಡ್ ರಿವೆಟ್ ತಂದು, ಅದರ ಮೈಗೂ ತೂತಿನ ಸುತ್ತಕ್ಕೂ ಸೀಲಂಟ್ ಹಚ್ಚಿ ಹೊಡೆಯಿರಿ. ಸೀಲಂಟ್ ಸುತ್ತಲೂ ಸ್ವಲ್ಪ ಹೊರಗೆ ಉಕ್ಕಬೇಕು. ಒಂದು ಬದಿಯಲ್ಲಿ ಉಕ್ಕದಿದ್ದರೆ ಅಲ್ಲಿ ಸಂದು ಉಳಿದಿದೆ ಅಂತ ಅರ್ಥ. ಆಮೇಲೆ ಪೂರ್ತಿ ಒಣಗಲು ಬಿಡಿ. ದಿನಕ್ಕೆ ಎರಡು ಮೂರು ಮಿಲಿಮೀಟರ್ ದಪ್ಪದಷ್ಟೇ ಗಟ್ಟಿಯಾಗುವ ಸೀಲಂಟ್‌ಗಳೇ ಜಾಸ್ತಿ. ಬಿರಡೆಯ ಸುತ್ತ ದಪ್ಪಗೆ ಹಾಕಿದ್ದರೆ ಮರುದಿನವೇ ನೀರಿಗಿಳಿಸುವ ಅವಸರ ಮಾಡಬೇಡಿ.

ಸ್ಟೀಲ್ ಸ್ಕ್ರೂ ಅಲ್ಯೂಮಿನಿಯಂಗೆ ತಾಗುವ ಕಡೆ, ಅದರಲ್ಲೂ ಉಪ್ಪುನೀರಿನಲ್ಲಿ, ಎರಡು ಲೋಹಗಳ ನಡುವೆ ತುಕ್ಕು ಬೇಗ ಹತ್ತುತ್ತದೆ. ಬಿಳಿ ಪುಡಿ ಕಂಡರೆ ಅದೇ. ಅಲ್ಲಿ ತುಕ್ಕು ತಡೆಯುವ ಪೇಸ್ಟ್ ಹಚ್ಚಿಯೇ ತಿರುಗಿಸಿ. ಕಾರ್ಬನ್ ಮಾಸ್ಟ್‌ಗೆ ಅಲ್ಯೂಮಿನಿಯಂ ರಿವೆಟ್ ಹಾಕಿದರೂ ಇದೇ ಗತಿ, ತಿನ್ನಿಸಿಕೊಳ್ಳುವುದು ರಿವೆಟ್.

ತುದಿಯ ಬಿರಡೆ ಹೇಗಿರಬೇಕು?

ಅಂಚು ಇರುವಂಥದ್ದು. ಅಂದರೆ ಕೊಳವೆಯ ಬಾಯಿಗಿಂತ ಅಗಲದ ತುಟಿ ಹೊರಗೆ ಕೂತಿರಬೇಕು. 6 ಮೀಟರ್ ಆಳದಲ್ಲಿ 56 ಮಿಲಿಮೀಟರ್ ವ್ಯಾಸದ ಬಿರಡೆಯನ್ನು ಸುಮಾರು 15 ಕೆಜಿಯಷ್ಟು ಬಲ ಒಳಕ್ಕೆ ತಳ್ಳುತ್ತದೆ. ಸುಮ್ನೆ ತುರುಕಿ ಸೀಲಂಟ್ ಹಚ್ಚಿದ ಬಿರಡೆ ಅಷ್ಟಕ್ಕೆ ಜಾರಿ ಒಳಗೆ ಹೋಗಬಹುದು. ಬುಡದ ಬಿರಡೆಗೆ ಬೇರೆ ಕಾಟ. ಮಾಸ್ಟ್ ನಿಲ್ಲಿಸುವಾಗ, ಕಳಚುವಾಗ ಅದು ಉಜ್ಜಿ ಸವೆಯುತ್ತದೆ. ವರ್ಷಕ್ಕೊಮ್ಮೆ ಬೆರಳಿನಿಂದ ಒತ್ತಿ ನೋಡಿ.

ಒಳಗೆ ಫೋಮ್ ತುಂಬಿಸಿಬಿಟ್ಟರೆ ತಲೆನೋವೇ ಇಲ್ಲ, ಅಲ್ವಾ?

ಡಬ್ಬಿಯಿಂದ ಉಬ್ಬಿ ಬರುವ ಪಾಲಿಯುರೆಥೇನ್ ಫೋಮ್ ಬಗ್ಗೆ ಕೇಳುತ್ತಿದ್ದರೆ, ಬೇಡ. ಅದು ಗಟ್ಟಿಯಾಗಲು ಗಾಳಿಯ ತೇವ ಬೇಕು. ಉದ್ದನೆಯ ಮುಚ್ಚಿದ ಕೊಳವೆಯಲ್ಲಿ ಆಳಕ್ಕೆ ತೇವ ಸಿಗದೆ ಅರ್ಧ ಅಂಟಂಟಾಗಿಯೇ ಉಳಿಯುತ್ತದೆ. ಗಟ್ಟಿಯಾದ ಫೋಮ್ ಕೂಡ ವರ್ಷಗಳು ಕಳೆದಂತೆ ನೀರು ಕುಡಿಯುತ್ತದೆ. ಕುಡಿದ ನೀರನ್ನು ಬಿಡೋದಿಲ್ಲ. ಮಾಸ್ಟ್ ಶಾಶ್ವತವಾಗಿ ಭಾರ, ಗೋಡೆಗೆ ತಾಗಿ ನಿಂತ ತೇವದಿಂದ ಒಳಗೇ ತುಕ್ಕು. ತೆಗೆಯೋಣ ಅಂದರೆ ತೆಗೆಯಲೂ ಆಗೋದಿಲ್ಲ.

ಈಜುಕೊಳದಲ್ಲಿ ಮಕ್ಕಳು ಹಿಡಿದು ತೇಲುವ ಉದ್ದನೆಯ ಪಾಲಿಎಥಿಲೀನ್ ಫೋಮ್ ಕೋಲುಗಳು ಒಳ್ಳೆಯವು. ಅವು ನೀರು ಕುಡಿಯುವುದಿಲ್ಲ. ಕೊಳವೆಯ ಅಳತೆಗೆ ಆರಿಸಿ ತಳ್ಳಿದರೆ ಬಿರಡೆ ಸೋತರೂ ಅಷ್ಟು ಜಾಗಕ್ಕೆ ನೀರು ಬರೋದಿಲ್ಲ. ತುದಿಗೆ ಒಂದು ದಾರ ಕಟ್ಟಿಡಿ, ಎಳೆದು ತೆಗೆದು ಒಣಗಿಸಬಹುದು. ಪೂರ್ತಿ ಉದ್ದಕ್ಕೂ ಬೇಕಿಲ್ಲ. ಮೇಲಿನ ಮೂರನೇ ಒಂದು ಭಾಗ ಕಾಪಾಡಿಕೊಂಡರೂ ಅರ್ಧಕ್ಕಿಂತ ಜಾಸ್ತಿ ಪ್ರಯೋಜನ ಸಿಗುತ್ತದೆ. ದೋಣಿಯಿಂದ ದೂರ ಇದ್ದಷ್ಟೂ ಒಂದು ಲೀಟರ್ ಗಾಳಿಗೆ ಬಲ ಜಾಸ್ತಿ.

ಗಟ್ಟಿ ಮರದಿಂದ ಮಾಡಿದ ಮಾಸ್ಟ್ ಇರುವವರು ಇದೆಲ್ಲ ಮಾಡಬೇಕಿಲ್ಲ. ಸ್ಪ್ರೂಸ್ ಮರ ನೀರಿನ ಅರ್ಧದಷ್ಟೂ ತೂಗುವುದಿಲ್ಲ, ತಾನಾಗಿಯೇ ತೇಲುತ್ತದೆ. ವಾರ್ನಿಷ್ ಚೆನ್ನಾಗಿಟ್ಟುಕೊಳ್ಳಿ ಅಷ್ಟೆ.

ನನ್ನ ಹ್ಯಾಲ್ಯಾರ್ಡ್ (ಹಾಯಿ ಏರಿಸುವ ಹಗ್ಗ) ಮಾಸ್ಟ್ ಒಳಗೇ ಓಡುತ್ತದೆ. ಮೇಲೆ ಕೆಳಗೆ ಎರಡೂ ಕಡೆ ತೆರೆದೇ ಇದೆ. ಏನು ಮಾಡಲಿ?

ಅದನ್ನು ಸೀಲ್ ಮಾಡುವ ಆಸೆ ಬಿಟ್ಟುಬಿಡಿ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮಾಸ್ಟ್ ಪೂರ್ತಿ ಒಣಗಿರಬೇಕು, ಇಲ್ಲವೇ ಪೂರ್ತಿ ತೆರೆದಿರಬೇಕು. ಎಲ್ಲಕ್ಕಿಂತ ಕೆಟ್ಟದ್ದು ಅರ್ಧಂಬರ್ಧ ಮುಚ್ಚಿದ್ದು. ಅದು ನಿಧಾನವಾಗಿ ತುಂಬುತ್ತದೆ, ನಿಧಾನವಾಗಿ ಖಾಲಿಯಾಗುತ್ತದೆ. ಮೊದಲ ಸಲ ಮಗುಚಿದಾಗ ದೋಣಿ ಆರಾಮಾಗಿ ಏಳುತ್ತದೆ. ಧೈರ್ಯ ಬರುತ್ತದೆ. ಮೂರನೇ ಸಲದ ಹೊತ್ತಿಗೆ ಮಾಸ್ಟ್‌ನಲ್ಲಿ ಹತ್ತು ಲೀಟರ್ ಕೂತಿರುತ್ತದೆ, ನೀವೂ ದಣಿದಿರುತ್ತೀರಿ. ಎದ್ದ ಮೇಲೂ ಆ ಭಾರ ಮೇಲೆಯೇ ಇರುವುದರಿಂದ ದೋಣಿ ತೂರಾಡಿ ಮತ್ತೆ ಮಗುಚುತ್ತದೆ.

ತೆರೆದ ಮಾಸ್ಟ್ ಆದರೆ ಬುಡದಲ್ಲಿ ಹೊರದಾರಿ ದೊಡ್ಡದಾಗಿರಲಿ. ಎದ್ದ ಕೂಡಲೇ ನೀರು ಭರ್ರನೆ ಇಳಿದು ಹೋಗಬೇಕು. ಮೇಲೆ ತೇಲುವ ಬಲ ಬೇಕಿದ್ದರೆ ಅದನ್ನು ಹೊರಗಿಂದ ಕೊಡಿ. ಮಾಸ್ಟ್ ತುದಿಗೆ ಕಟ್ಟುವ ತೇಲುಬುರುಡೆ ಅಥವಾ ಹಾಯಿಯ ತಲೆಯ ಜೇಬಿಗೆ ಸೇರಿಸುವ ಗಾಳಿಚೀಲ ಸಿಗುತ್ತದೆ. 6 ಮೀಟರ್ ಎತ್ತರದಲ್ಲಿ 10 ಲೀಟರ್ ಅಂದರೆ 60 ಕೆಜಿ-ಮೀಟರ್. ಮೊದಲು ಹೇಳಿದ ಸೀಲ್ ಮಾಡಿದ ಮಾಸ್ಟ್ ಕೊಡುವುದು 33. ಗಾಳಿಗೆ ಸ್ವಲ್ಪ ಅಡ್ಡ ಬರುತ್ತದೆ, ನೋಡಲು ಚೆಂದ ಇಲ್ಲ ಅಂತ ಕೆಲವರು ಹಾಕುವುದಿಲ್ಲ. ಕಲಿಯುವವರ ದೋಣಿಗೆ, ಮಕ್ಕಳ ದೋಣಿಗೆ, ಒಬ್ಬರೇ ಹೋಗುವವರಿಗೆ ಅದು ಇರಲೇಬೇಕು ಅಂತ ನಾನು ಹೇಳುತ್ತೇನೆ.

ಸೀಲ್ ಮಾಡಿದ ಮಾಸ್ಟ್‌ಗೆ ಬುಡದಲ್ಲಿ ಸಣ್ಣ ತೂತು ಕೊರೆದರೆ ಒಳ್ಳೇದಾ?

ಬೇಡ. ಅದೇ ಅರ್ಧಂಬರ್ಧ. ಬದಲಿಗೆ ಬುಡದ ಬಿರಡೆಗೆ ತಿರುಗಿಸಿ ಮುಚ್ಚುವ ಡ್ರೈನ್ ಪ್ಲಗ್ ಕೂಡಿಸಿ. ದಡಕ್ಕೆ ಬಂದಾಗ ತೆಗೆಯಿರಿ, ಹೊರಡುವ ಮೊದಲು ಮುಚ್ಚಿ. ಬಿಸಿಲಿಗೆ ಒಣಗುವಾಗ ತೆರೆದಿದ್ದರೆ ಒಳಗಿನ ತೇವವೂ ಹೋಗುತ್ತದೆ.

ಮಾಸ್ಟ್ ಒಣಗಿದ್ದರೆ ದೋಣಿ ಬೋರಲಾಗುವುದೇ ಇಲ್ವಾ?

ಆಗಬಹುದು. ಒಣ ಮಾಸ್ಟ್ ನಿಮಗೆ ಕೊಡುವುದು ಸಮಯ. ಯಾರಾದರೂ ಬೂಮ್‌ಗೆ ಅಥವಾ ಮಾಸ್ಟ್‌ಗೆ ಜೋತುಬಿದ್ದರೆ 11 ಕೆಜಿ ಬಲ ಏನೂ ಮಾಡಲಾರದು. ಮಗುಚುವಾಗ ಮೇಲಿನ ಅಂಚಿನಿಂದ ಹಾಯಿಯ ಮೇಲೆ ಧುಮುಕುವ ಅಭ್ಯಾಸ ಹೊಸಬರಿಗೆ ಇರುತ್ತದೆ. ದೋಣಿ ಬೋರಲಾಗಲು ಬಹಳ ಸಲ ಅದೇ ಕಾರಣ. ಎರಡೂ ಬದಿ ಗಾಳಿತೊಟ್ಟಿ ಇರುವ ಹೊಸ ಮಾದರಿ ದೋಣಿಗಳು ಮಗ್ಗುಲಾದಾಗ ನೀರಿನ ಮೇಲೆ ಎತ್ತರಕ್ಕೆ ತೇಲುತ್ತವೆ. ಎದ್ದಾಗ ಒಳಗೆ ನೀರು ಕಡಿಮೆ, ಅದು ಒಳ್ಳೇದು. ಆದರೆ ಎತ್ತರಕ್ಕೆ ತೇಲಿದಷ್ಟೂ ಗಾಳಿ ತಳಕ್ಕೆ ಬಡಿದು ಮಾಸ್ಟ್ ತುದಿಯನ್ನು ಕೆಳಗೆ ಒತ್ತುತ್ತದೆ. ಇಂಥ ದೋಣಿಗೆ ಒಣ ಮಾಸ್ಟ್ ಇನ್ನೂ ಮುಖ್ಯ.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ಮಗ್ಗುಲಲ್ಲೇ ನಿಂತ ದೋಣಿ ಗಾಳಿಗೆ ಬೇಗ ಜಾರಿ ಹೋಗುತ್ತದೆ, ನೀವು ಈಜುವುದಕ್ಕಿಂತ ಬೇಗ. ಬೀಳುವಾಗ ಕೈಯಲ್ಲಿರುವ ಮೇನ್‌ಶೀಟ್, ಅಂದರೆ ದೊಡ್ಡ ಹಾಯಿಯನ್ನು ಹಿಡಿದಿಡುವ ಹಗ್ಗವನ್ನು ಬಿಡಬೇಡಿ. ಸಡಿಲ ಮಾಡಿ, ಆದರೆ ಕೈಯಲ್ಲಿರಲಿ.

ಮಗುಚಿದ ಕೂಡಲೇ ಮೊದಲ ಕೆಲಸ ಏನು?

ತಲೆ ಎಣಿಸೋದು. ಜೊತೆಯವರ ಹೆಸರು ಕೂಗಿ, ಉತ್ತರ ಬರಲಿ. ಆಮೇಲೆ ಮಿಕ್ಕಿದ್ದು. ದೋಣಿ ಬಿಟ್ಟು ದಡದ ಕಡೆ ಈಜಬೇಡಿ, ದಡ ಹತ್ತಿರ ಕಂಡರೂ. ನೀರಿನಲ್ಲಿ ಒಂದು ತಲೆ ಯಾರ ಕಣ್ಣಿಗೂ ಬೀಳೋದಿಲ್ಲ, ದೋಣಿ ಬೀಳುತ್ತದೆ.

ಇಬ್ಬರಿದ್ದಾಗ ಎತ್ತುವುದು ಹೇಗೆ?

ಚುಕ್ಕಾಣಿ ಹಿಡಿದವರು ಹಿಂಬದಿಯಿಂದ ಸುತ್ತಿ ಸೆಂಟರ್‌ಬೋರ್ಡ್ ಕಡೆ ಹೋಗಬೇಕು. ಹೋಗುವಾಗ ಚುಕ್ಕಾಣಿ ಸ್ಥಾನದಲ್ಲಿದೆಯಾ ನೋಡಿಕೊಳ್ಳಿ. ಇನ್ನೊಬ್ಬರು ದೋಣಿಯ ಒಳಬದಿಯಲ್ಲಿ, ಮಾಸ್ಟ್ ಬುಡದ ಹತ್ತಿರ ತೇಲುತ್ತಾ ಇರಲಿ. ಮೇನ್‌ಶೀಟ್, ಕಿಕ್ಕರ್ ಎರಡೂ ಸಡಿಲ. ಸೆಂಟರ್‌ಬೋರ್ಡ್ ಪೂರ್ತಿ ಹೊರಗಿದೆಯಾ ಅಂತ ಒಳಗಿರುವವರು ನೋಡಿ, ಜಿಬ್ (ಮುಂದಿನ ಸಣ್ಣ ಹಾಯಿ) ಹಗ್ಗವನ್ನು ಆಚೆ ಎಸೆಯಬೇಕು. ಹೊರಗಿನವರು ಅದನ್ನು ಹಿಡಿದು ಸೆಂಟರ್‌ಬೋರ್ಡ್ ಹತ್ತಿ, ಬೆನ್ನು ನೆಟ್ಟಗಿಟ್ಟು ಹಿಂದಕ್ಕೆ ವಾಲಬೇಕು. ಸೆಂಟರ್‌ಬೋರ್ಡ್ ತುದಿಯಲ್ಲಿ ಕುಣಿಯಬೇಡಿ, ಮುರಿಯುತ್ತದೆ. ಹಾಯಿಯಿಂದ ನೀರು ಜಾರಲು ಒಂದಿಷ್ಟು ಹೊತ್ತು ಬೇಕು. ದೋಣಿ ಎದ್ದಾಗ ಒಳಗಿದ್ದವರು ತಾವಾಗಿಯೇ ದೋಣಿಯೊಳಗೆ ಬಂದಿರುತ್ತಾರೆ. ಅವರ ತೂಕವೇ ದೋಣಿ ಆಚೆ ಬದಿಗೆ ಮತ್ತೆ ಮಗುಚದಂತೆ ತಡೆಯುತ್ತದೆ.

ಹಾಯಿ ಗಾಳಿ ಬರುವ ದಿಕ್ಕಿಗೆ ಮಲಗಿದ್ದರೆ ಹುಷಾರು. ಸ್ವಲ್ಪ ಎದ್ದ ಕೂಡಲೇ ಗಾಳಿ ಹಾಯಿಯ ಅಡಿ ಹೊಕ್ಕು ದೋಣಿಯನ್ನು ಒಂದೇ ಏಟಿಗೆ ನಿಮ್ಮ ಮೇಲೆ ತಂದು ಹಾಕುತ್ತದೆ. ಮೂತಿಯನ್ನು ಗಾಳಿಗೆ ತಿರುಗಿಸಿಕೊಂಡು ಆಮೇಲೆ ಎತ್ತಿ. ಸ್ಪಿನೇಕರ್ (ಮುಂದೆ ಬಲೂನಿನ ಹಾಗೆ ಉಬ್ಬುವ ಹಾಯಿ) ಎತ್ತಿದ್ದರೆ ಮೊದಲು ಅದು ಒಳಗೆ ಬರಬೇಕು.

ಬೋರಲಾಗಿಬಿಟ್ಟರೆ?

ಅವಸರ ಬೇಡ. ತಳದ ಅಂಚಿನ ಮೇಲೆ ನಿಂತು, ಆಚೆ ಬದಿಯಿಂದ ತಂದ ಹಗ್ಗ ಅಥವಾ ಸೆಂಟರ್‌ಬೋರ್ಡ್ ಹಿಡಿದು ಒಂದೇ ಸಮನೆ ವಾಲಿ. ಎಳೆದು ಬಿಟ್ಟು ಮಾಡಬೇಡಿ. ನೀರೊಳಗಿನ ಹಾಯಿ ನಿಧಾನಕ್ಕೆ ಮಾತ್ರ ಜಾಗ ಕೊಡುತ್ತದೆ. ಸೆಂಟರ್‌ಬೋರ್ಡ್ ಒಳಗೆ ಜಾರಿಹೋಗಿದ್ದರೆ ಎಳೆಯಲು ಬೆರಳಿಗೆ ಸಿಗುವ ಒಂದು ಹಗ್ಗದ ಕುಣಿಕೆ ಮೊದಲೇ ಕಟ್ಟಿಟ್ಟಿರಿ. ಮಗ್ಗುಲಿಗೆ ಬಂದ ಮೇಲೆ ನಿಂತು ಉಸಿರು ತೆಗೆದುಕೊಂಡು, ಮೇಲಿನ ಕ್ರಮ ಶುರು ಮಾಡಿ.

ಹಾಯಿಯ ಅಡಿಗೆ ಅಥವಾ ದೋಣಿಯ ಅಡಿಗೆ ಸಿಕ್ಕಿಕೊಂಡರೆ?

ಹಾಯಿಯ ಅಡಿ ಇದ್ದರೆ ಅಂಗೈಯಿಂದ ಹಾಯಿಯನ್ನು ಮೇಲಕ್ಕೆ ಒತ್ತಿ. ಸಣ್ಣ ಗಾಳಿ ಗೂಡು ಆಗುತ್ತದೆ. ಉಸಿರು ತೆಗೆದುಕೊಳ್ಳಿ. ಹಾಯಿಯ ಒಂದು ಹೊಲಿಗೆ ಕೈಗೆ ಸಿಕ್ಕರೆ ಅದನ್ನೇ ಹಿಡಿದು, ದಿಕ್ಕು ಬದಲಿಸದೆ ಕೈ ಮೇಲೆ ಕೈ ಹಾಕುತ್ತಾ ಹೋಗಿ. ಅಂಚು ಸಿಕ್ಕೇ ಸಿಗುತ್ತದೆ. ಗಾಬರಿಯಲ್ಲಿ ಸುತ್ತುವವರು ಅದೇ ಜಾಗದಲ್ಲಿ ಸುತ್ತುತ್ತಾರೆ.

ಬೋರಲಾದ ದೋಣಿಯ ಅಡಿ ಗಾಳಿ ಸಿಗಬಹುದು, ಸಿಗದೆಯೂ ಇರಬಹುದು. ಹಳೇ ಮಾದರಿಯ ಆಳದ ದೋಣಿಯಲ್ಲಿ ಇರುತ್ತದೆ. ನೆಲ ಎತ್ತರ ಇರುವ ಹೊಸ ದೋಣಿಗಳಲ್ಲಿ ಬಹಳ ಕಡಿಮೆ. ಸಿಕ್ಕರೂ ಅಲ್ಲೇ ಉಳಿಯಬೇಡಿ.

ಜೀವ ತೆಗೆಯುವುದು ಬರೀ ನೀರಲ್ಲ, ಸಿಕ್ಕಿಕೊಳ್ಳುವ ಹಗ್ಗ ಮತ್ತು ಕೊಕ್ಕೆ ಕೂಡ. ಟ್ರಪೀಜ್ ಹಾರ್ನೆಸ್ (ಮಾಸ್ಟ್‌ನ ತಂತಿಗೆ ಜೋತು ದೋಣಿಯ ಹೊರಗೆ ವಾಲಲು ತೊಡುವ ಪಟ್ಟಿ) ಹಾಕುವವರು ಭಾರ ಬಿದ್ದಾಗಲೂ ತಕ್ಷಣ ಕಳಚುವ ಕೊಕ್ಕೆಯನ್ನೇ ಹಾಕಿ. ರೇಸ್ ನಿಯಮಗಳೂ 2023ರಿಂದ ಇದನ್ನು ಕಡ್ಡಾಯ ಮಾಡಿವೆ. ಕೈಗೆಟುಕುವಲ್ಲಿ, ಒಂದೇ ಕೈಯಲ್ಲಿ ತೆಗೆಯಲು ಬರುವ ಮೊಂಡು ತುದಿಯ ಚಾಕು ಇರಲಿ. ಈಜು ಗೊತ್ತು, ಅನುಭವ ಇದೆ ಅನ್ನುವುದು ಇಲ್ಲಿ ಸಾಲದು. 2013ರ ಮೇ 9ರಂದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಅಮೆರಿಕಾಸ್ ಕಪ್ (ಹಾಯಿದೋಣಿಗಳ ಪ್ರಸಿದ್ಧ ಸ್ಪರ್ಧೆ) ಅಭ್ಯಾಸದ ವೇಳೆ ದೊಡ್ಡ ಕ್ಯಾಟಮರಾನ್ ಮಗುಚಿ ಮುರಿದಾಗ, 2008ರಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದ ಆ್ಯಂಡ್ರೂ ಸಿಂಪ್ಸನ್ ಅದರ ಅಡಿ ಸಿಕ್ಕಿಕೊಂಡು ತೀರಿಕೊಂಡರು. ಸುತ್ತಲೂ ಪಳಗಿದ ಸಂಗಡಿಗರಿದ್ದರು.

ರೆಸ್ಕ್ಯೂ ಬೋಟ್‌ನವರಿಗೂ ಒಂದು ಮಾತು. ಮಗುಚಿದ ದೋಣಿಯ ಹತ್ತಿರ ಹೋದಾಗ ಮೊದಲು ತಲೆ ಎಣಿಸಿ, ಜನರ ಪಕ್ಕ ಎಂಜಿನ್ ಆಫ್ ಮಾಡಿ. ಒಂದು ತಲೆ ಕಮ್ಮಿ ಇದ್ದರೆ ದೋಣಿಯ ಚಿಂತೆ ಬಿಟ್ಟು, ಮಾಸ್ಟ್ ತುದಿ ಎತ್ತಿ ಅದನ್ನು ಮಗ್ಗುಲಿಗೆ ತನ್ನಿ.

ಯಾವ ಲೈಫ್ ಜಾಕೆಟ್ ಹಾಕಲಿ? ತಾನಾಗಿ ಉಬ್ಬುವುದು ಒಳ್ಳೇದಲ್ವಾ?

ಡಿಂಗಿಗೆ ಅಲ್ಲ. ನೀರಿಗೆ ಬಿದ್ದ ಕೂಡಲೇ ಉಬ್ಬುವ ಜಾಕೆಟ್, ನೀವು ದೋಣಿಯ ಅಡಿ ಇದ್ದರೆ ನಿಮ್ಮನ್ನು ಅಲ್ಲೇ ತಳಕ್ಕೆ ಒತ್ತಿ ಹಿಡಿಯುತ್ತದೆ. ಮುಳುಗಿ ಹೊರಬರಲು ಬಿಡೋದಿಲ್ಲ. ಈಜು ಬಲ್ಲವರು, ಸಹಾಯ ಹತ್ತಿರ ಇರುವ ಕಡೆ, ತೇಲಿಸುವ ಬಲ 50 ನ್ಯೂಟನ್ ಇರುವ ಫೋಮ್ ಬಾಯನ್ಸಿ ಏಡ್ (ತೇಲಲು ನೆರವಾಗುವ ಜಾಕೆಟ್) ಹಾಕಬಹುದು. ಅದು ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲೆ ಮಾಡುವುದಿಲ್ಲ ಅನ್ನೋದು ನೆನಪಿರಲಿ. ಈಜು ಬಾರದವರಿಗೆ, ಚಿಕ್ಕ ಮಕ್ಕಳಿಗೆ 100 ನ್ಯೂಟನ್‌ನ ಫೋಮ್ ಜಾಕೆಟ್. 150, 275 ನ್ಯೂಟನ್‌ನವು ತೆರೆದ ಕಡಲಿನ ದೊಡ್ಡ ದೋಣಿಗಳಿಗೆ. ಮಕ್ಕಳಿಗೆ ಕಾಲಸಂದಿನ ಪಟ್ಟಿ ಕಟ್ಟಲೇಬೇಕು, ಇಲ್ಲದಿದ್ದರೆ ಜಾಕೆಟ್ ತಲೆಯ ಮೇಲಿಂದ ಜಾರುತ್ತದೆ.

ನೀರು ತುಂಬಾ ತಣ್ಣಗಿದ್ದರೆ?

15 ಡಿಗ್ರಿಗಿಂತ ಕಡಿಮೆ ಇದ್ದರೆ 1-10-1 ಅಂತ ನೆನಪಿಡಿ. ಮೊದಲ 1 ನಿಮಿಷ ಉಸಿರು ಏದುಸಿರಾಗಿ ಕೈ ಮೀರುತ್ತದೆ. ಆಗ ಏನೂ ಮಾಡದೆ ದೋಣಿ ಹಿಡಿದು ಉಸಿರು ಹತೋಟಿಗೆ ತನ್ನಿ. ಮುಂದಿನ 10 ನಿಮಿಷ ಮಾತ್ರ ಬೆರಳುಗಳು ಮಾತು ಕೇಳುತ್ತವೆ. ಎತ್ತುವ ಕೆಲಸ ಆ ಹೊತ್ತಿನಲ್ಲೇ ಮುಗಿಯಬೇಕು. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ತಣ್ಣೀರಿನಲ್ಲಿ ಸೋರುವ ಮಾಸ್ಟ್ ಯಾಕೆ ಅಷ್ಟು ಕೆಟ್ಟದ್ದು ಅಂತ ಈ ಹತ್ತು ನಿಮಿಷವೇ ಹೇಳುತ್ತದೆ.

ಮಗುಚಿದಾಗ ಮಾಸ್ಟ್ ಕಳಚಿಕೊಂಡು ಹೋಗುತ್ತಾ?

ತಂತಿಗಳಿಲ್ಲದೆ ತೂತಿನಲ್ಲಿ ನಿಲ್ಲುವ ಮಾಸ್ಟ್ ಹೋಗುತ್ತದೆ. ಆಪ್ಟಿಮಿಸ್ಟ್ (ಮಕ್ಕಳ ಡಿಂಗಿ), ಐಎಲ್‌ಸಿಎ ಎರಡರ ನಿಯಮದಲ್ಲೂ ಮಾಸ್ಟ್ ದೋಣಿಯಿಂದ ಕಳಚದಂತೆ ಕಟ್ಟಿರಬೇಕು ಅಂತ ಇದೆ. ಬೋರಲಾದ ದೋಣಿಯಿಂದ ಜಾರಿದ ಮಾಸ್ಟ್, ಒಳಗೆ ನೀರಿದ್ದರೆ, ಹಾಯಿಯ ಸಮೇತ ತಳ ಸೇರುತ್ತದೆ. ಒಂದು ಗೇಣು ಹಗ್ಗದ ಕೆಲಸ ಇದು.

ಕ್ಯಾಟಮರಾನ್ ಬಗ್ಗೆ?

ಎರಡು ಒಡಲಿನ ದೋಣಿ ಬೋರಲಾದರೆ ಆ ಸ್ಥಿತಿಯಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಸಹಾಯ ಇಲ್ಲದೆ ಎತ್ತುವುದು ಬಹಳ ಕಷ್ಟ. ಅದಕ್ಕೇ ಅವುಗಳ ಮಾಸ್ಟ್ ಸೀಲ್ ಮಾಡಿಯೇ ಬರುತ್ತದೆ, ತುದಿಗೆ ತೇಲುಬುರುಡೆ ಕಟ್ಟುವ ರೂಢಿಯೂ ಇದೆ. ಎತ್ತುವ ಹಗ್ಗ ಮೊದಲೇ ಕಟ್ಟಿರಬೇಕು. ಮೈತೂಕ ಸಾಲದವರು ನೀರು ತುಂಬಿಸಿ ಜೋತುಹಾಕುವ ಚೀಲ ಬಳಸುತ್ತಾರೆ. ಇವುಗಳ ಮಾಸ್ಟ್ ಎತ್ತರ, ಹಾಗಾಗಿ ದಡದಲ್ಲಿ ನಿಲ್ಲಿಸುವಾಗ ಮೇಲೆ ಕರೆಂಟ್ ತಂತಿ ಇದೆಯಾ ಅಂತ ಕತ್ತೆತ್ತಿ ನೋಡಿ. ಅಲ್ಯೂಮಿನಿಯಂ, ಕಾರ್ಬನ್ ಎರಡರಲ್ಲೂ ಕರೆಂಟ್ ಹರಿಯುತ್ತದೆ.

ಕೀಲ್ ಇರುವ ದೊಡ್ಡ ದೋಣಿಗೂ ಇದೆಲ್ಲ ಅನ್ವಯಿಸುತ್ತಾ?

ಅಲ್ಲಿ ಕಥೆ ಬೇರೆ. ಅವುಗಳ ಮಾಸ್ಟ್ ಒಳಗೆ ಹಗ್ಗ, ವೈರು ಎಲ್ಲ ಓಡುತ್ತವೆ, ಸೀಲ್ ಮಾಡಲು ಆಗೋದಿಲ್ಲ. ಮಳೆ ನೀರು ಮೇಲಿನ ರಾಟೆಯ ಸಂದಿನಿಂದ ಇಳಿದು, ಕೀಲ್ ಮೇಲೆ ನಿಲ್ಲುವ ಮಾಸ್ಟ್ ಆದರೆ ನೇರ ದೋಣಿಯ ತಳಕ್ಕೆ ಬರುತ್ತದೆ. ಅದಕ್ಕೆ ಬುಡದ ಡ್ರೈನ್ ತೂತು ಕಸ ಕಟ್ಟದಂತೆ ನೋಡಿಕೊಳ್ಳಿ. ನೀರು ನಿಂತರೆ ಬುಡ ತುಕ್ಕು ಹಿಡಿಯುತ್ತದೆ. ಹೆಪ್ಪುಗಟ್ಟುವ ಚಳಿಯ ಊರಾದರೆ ಇನ್ನೂ ಕೆಟ್ಟದ್ದು. ಮಂಜುಗಡ್ಡೆಯಾದಾಗ ನೀರು ಸುಮಾರು 9% ಹಿಗ್ಗಿ ಕೊಳವೆಯನ್ನೇ ಸೀಳುತ್ತದೆ.

ಇಂಥ ದೋಣಿ ಮಗುಚುವುದು ಗಾಳಿಗಿಂತ ಮುರಿದು ಬೀಳುವ ಅಲೆಗೆ. 1979ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಕಡಲ ಸ್ಪರ್ಧೆಯಾದ ಫಾಸ್ಟ್‌ನೆಟ್ ರೇಸ್‌ನಲ್ಲಿ 303 ದೋಣಿಗಳು ಹೊರಟಿದ್ದವು. ಬಿರುಗಾಳಿಗೆ ಸಿಕ್ಕಿ 15 ಸ್ಪರ್ಧಿಗಳು ಸತ್ತರು. ಆಮೇಲೆ ನಡೆದ ಪ್ರಯೋಗಗಳಲ್ಲಿ ಒಂದು ವಿಚಿತ್ರ ಸಂಗತಿ ತಿಳಿಯಿತು. ಮಾಸ್ಟ್ ಮುರಿದುಹೋದ ದೋಣಿ ಅಲೆಗೆ ಇನ್ನೂ ಸುಲಭವಾಗಿ ಉರುಳುತ್ತದೆ. ಎತ್ತರದಲ್ಲಿರುವ ಮಾಸ್ಟ್‌ನ ತೂಕ ದೋಣಿ ಥಟ್ಟನೆ ತಿರುಗದಂತೆ ತಡೆಯುತ್ತಿರುತ್ತದೆ. ಹಾಗಂತ ಮೇಲೆ ತೂಕ ಹೇರಬೇಡಿ. ಎಷ್ಟು ಡಿಗ್ರಿ ವಾಲಿದ ಮೇಲೂ ದೋಣಿ ತಾನಾಗಿ ಏಳುತ್ತದೆ ಅನ್ನುವ ಮಿತಿ ಅದರಿಂದ ಕಡಿಮೆಯಾಗುತ್ತದೆ.

ನೀರು ಆಳ ಇಲ್ಲದ ಕಡೆ ಬೋರಲಾಗಿ ಮಾಸ್ಟ್ ಕೆಸರಿನಲ್ಲಿ ಹೂತರೆ?

ಯಾರೂ ದೋಣಿಯ ತಳದ ಮೇಲೆ ಹತ್ತಬೇಡಿ. ನಿಮ್ಮ ತೂಕ ಅದನ್ನು ಇನ್ನೂ ಆಳಕ್ಕೆ ಹೂಳುತ್ತದೆ. ಅಲೆಯ ಪ್ರತಿ ಏರಿಳಿತವೂ ಅದೇ ಕೆಲಸ ಮಾಡುತ್ತದೆ, ಹಾಗಾಗಿ ಸಹಾಯವನ್ನು ಬೇಗ ಕರೆಯಿರಿ. ಮಾಸ್ಟ್ ಯಾವ ಕಡೆಯಿಂದ ಹೊಕ್ಕಿದೆಯೋ ಅದೇ ಗೆರೆಯಲ್ಲಿ ವಾಪಸ್ ಬರುವಂತೆ ಎಳೆಯಬೇಕು. ರೆಸ್ಕ್ಯೂ ಬೋಟ್ ಹಗ್ಗ ಕಟ್ಟಿ, ಎಂಜಿನ್ ಮೆಲ್ಲಗೆ ಓಡಿಸಿ, ಹಗ್ಗ ಬಿಗಿಯಾದ ಮೇಲೆ ಸುಮ್ನೆ ಹಿಡಿದು ನಿಲ್ಲಲಿ. ಜಗ್ಗಿದರೆ ಸ್ಪ್ರೆಡರ್ ಇರುವ ಜಾಗದಲ್ಲಿ ಮಾಸ್ಟ್ ಬಾಗುತ್ತದೆ. ದಡಕ್ಕೆ ಬಂದ ಮೇಲೆ ತುದಿಯ ಬಿರಡೆಯ ಕೆಸರು ತೊಳೆದು, ರಿವೆಟ್‌ಗಳನ್ನೆಲ್ಲ ಮತ್ತೆ ಸೋಪು ನೀರಿನಿಂದ ನೋಡಿ. ಹೂತಾಗ ಬಿದ್ದ ತಿರುಚಿಗೆ ಸೀಲಂಟ್ ಬಿರುಕು ಬಿಟ್ಟಿರುವ ಸಾಧ್ಯತೆ ಜಾಸ್ತಿ.